ಯಂತ್ರಕ್ಕೆ ಹಾಕಿದ ಮಡಿ

ಬಟ್ಟೆ ಒಗೆಯುವ ಕೆಲಸಕ್ಕೆ ಯಾರೂ ಆಸೆಪಟ್ಟು ಬರುವುದಿಲ್ಲ. ಬೇರೆ ಕೆಲಸ ಸಿಗದೆ ಬರುತ್ತಾರೆ, ಇಲ್ಲವೇ ನನ್ನ ಹಾಗೆ ಆ ಜಾತಿಯಲ್ಲೇ ಹುಟ್ಟಿ ಬರುತ್ತಾರೆ. ಪುಲ್ಪಳ್ಳಿ ಕಡೆಯ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ತಲೆ ನೆರೆಯುವವರೆಗೆ ದುಡಿದು ನಿವೃತ್ತನಾದವನು ನಾನು. ಆಸ್ಪತ್ರೆಯ ಹೆಸರು ಬೇಡ. ಈಗ ಅಲ್ಲಿಗೆ ಹೊಸದಾಗಿ ಸೇರಿದವರು ಆಗಾಗ ದಾರಿಯಲ್ಲಿ ನಿಲ್ಲಿಸಿ, ಶೀಟು ಮುಗ್ಗಲು ನಾರುತ್ತದೆ, ಬಿಳಿ ಕೋಟು ಹಳದಿಯಾಗಿದೆ, ಏನು ಮಾಡಲಿ ಎಂದು ಕೇಳುತ್ತಾರೆ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಎಲ್ಲವೂ ಇರುತ್ತದೆ, ವಯನಾಡಿನ ಮಳೆ ಒಂದು ಇರುವುದಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಓದಿ ಉತ್ಸಾಹ ಬರುತ್ತದೆ ಎಂದು ಮಾತ್ರ ಯಾರೂ ಅಂದುಕೊಳ್ಳಬೇಡಿ.

ನಮ್ಮ ಹಿರಿಯರು ಕಬಿನಿ ಹೊಳೆಯ ಆಚೆಯ ಹೆಗ್ಗಡದೇವನಕೋಟೆ ಸೀಮೆಯವರು. ಮೆಣಸು ಬೆಳೆಯಲು ಈಚೆಗೆ ಬಂದ ಗೌಡರ ಮನೆಗಳ ಹಿಂದೆಯೇ ಅವರ ಮಡಿವಾಳರೂ ದೋಣಿ ಹತ್ತಿ ಬಂದರು. ನಾವು ನೆಲೆಸಿದ ಮುಳ್ಳನ್ಕೊಲ್ಲಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಆಗ ವಯನಾಡು ಜಿಲ್ಲೆಯಾದ ಹೊಸತು. ಕಚೇರಿಗಳು ಬರುತ್ತವೆ, ಉದ್ಯೋಗ ಬರುತ್ತದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ನಮಗೆ ಬಂದದ್ದು ಆಸ್ಪತ್ರೆಯ ಮೈಲಿಗೆ ಬಟ್ಟೆ. ತಾನು ಅಲ್ಲಿಗೆ ಸೇರುವಾಗ ನನ್ನನ್ನೂ ಜೊತೆಗೇ ಸೇರಿಸಿದವಳು ನಂಜತ್ತೆ, ನನ್ನ ತಂದೆಯ ತಂಗಿ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಆಸ್ಪತ್ರೆಯ ಹಿಂದಿನ ಕೆಲಸಗಾರರ ಸಾಲುಮನೆಯಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದರು. ಆ ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಆಮೇಲೆ ಹೊಳೆ ದಾಟಿ ಮೈದುನನ ಮನೆಯ ಜಗುಲಿಗೆ ಬೀಳಬೇಕು. ಆ ಮನೆಯಲ್ಲಿ ಅವಳು ಯಾರಿಗೂ ಬೇಕಾಗಿರಲಿಲ್ಲ. 'ಆ ಜಗುಲಿಗೆ ಮಾತ್ರ ಹೋಗ್ನಾರೆ ಕನ್ಲಾ ಮಾದೇವ, ಇಲ್ಲೇ ಈ ಕಲ್ಲು ಮುಂದೇನೇ ಸಾಯ್ತೀನಿ' ಎನ್ನುತ್ತಿದ್ದಳು.

ಭಾಷೆಯ ಫಜೀತಿ ಮೊದಲ ದಿನವೇ ಶುರುವಾಯಿತು. ನಮ್ಮ ಮೇಲ್ವಿಚಾರಕಿ, ಅಕ್ಕ ಎಂಬರ್ಥದಲ್ಲಿ ಎಲ್ಲರೂ ಚೇಚಿ ಎನ್ನುತ್ತಿದ್ದ ತ್ರೇಸ್ಯಾಮ್ಮ, ನೀಲಿಯ ಬಕೆಟ್ಟು ತೋರಿಸಿ ಅತ್ತೆಗೆ 'ನೀಲಂ ಮುಕ್ಕ್' ಎಂದರು. ಮಲಯಾಳದಲ್ಲಿ ಮುಕ್ಕುವುದೆಂದರೆ ಅದ್ದುವುದು. ನಮ್ಮಲ್ಲಿ ಮಣ್ಣು ಮುಕ್ಕು ಎಂದು ಬೈಯುತ್ತಾರಲ್ಲ, ಅತ್ತೆ ಹಾಗೆಂದುಕೊಂಡು ಸೆರಗು ಸಿಕ್ಕಿಸಿ ನಿಂತಳು. 'ಬಟ್ಟೆ ಒಗಿಯಾಕೆ ಬಂದಿವ್ನಿ, ನೀಲಿ ಮುಕ್ಕಾಕಲ್ಲ!' ನಾನು ನಡುವೆ ಹೋಗಿ ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಕ್ಕರು. ಆ ಲಾಂಡ್ರಿಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ನನಗೆ ಅದೊಂದೇ ನೆನಪು.

ಅತ್ತೆಗೆ ಆಸ್ಪತ್ರೆಯ ಕೆಲಸದ ಜೊತೆ ಇನ್ನೊಂದು ಕೆಲಸವಿತ್ತು, ಅದು ಹುಟ್ಟಿನಿಂದ ಬಂದದ್ದು. ನಮ್ಮ ಕನ್ನಡದ ಮನೆಗಳಲ್ಲಿ ಸಾವಿನ ಸೂತಕ ಕಳೆಯುವ ದಿನ ಮಡಿವಾಳರ ಕೈಯಿಂದ ಒಗೆದ ಬಟ್ಟೆ ಬರಬೇಕು. ಮೂಲೆಗೆ ಅರಿಸಿನ ತಾಗಿಸಿರಬೇಕು. ಅದನ್ನು ಉಟ್ಟ ಮೇಲೆಯೇ ಮನೆಯವರು ದೀಪ ಹಚ್ಚುವುದು. ಹೆಣ್ಣುಮಕ್ಕಳು ಮೈನೆರೆದಾಗಲೂ ಹಾಗೆಯೇ. ಇದಕ್ಕೆ ಮಡಿ ಕೊಡುವುದು ಎನ್ನುತ್ತೇವೆ. ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಮಡಿ ಕೊಡಲು ಉಳಿದಿದ್ದವಳು ಅತ್ತೆಯೊಬ್ಬಳೇ. ಕರೆ ಬಂದರೆ ಹಿಂದಿನ ದಿನವೇ ರಜೆ ಕೇಳುತ್ತಿದ್ದಳು. ತನಗೆ ಬರುವ ಹರಕು ಮಲಯಾಳದಲ್ಲಿ, 'ಚೇಚೀ, ನಾಳೆ ಮಡಿ ಉಂಡ್' ಎನ್ನುತ್ತಿದ್ದಳು.

ಮಲಯಾಳದಲ್ಲೂ ಮಡಿ ಎಂಬ ಮಾತಿದೆ. ಅಲ್ಲಿ ಅದರ ಅರ್ಥ ಸೋಮಾರಿತನ.

ಹೀಗೆ ಅವಳು ಬಂದು ಬಂದು 'ನಾಳೆ ನನಗೆ ಸೋಮಾರಿತನ ಉಂಟು' ಎಂದು ಹೇಳಿ ಹೋಗುತ್ತಿದ್ದಳು, ಕೇಳಿದವರು ಬೆರಗಾಗುತ್ತಿದ್ದರು. ಇಷ್ಟು ಧೈರ್ಯವಾಗಿ ಹೇಳಿ ರಜೆ ಹಾಕುವವರನ್ನು ಅವರು ಕಂಡಿರಲಿಲ್ಲ. ಕ್ರಮೇಣ ಲಾಂಡ್ರಿಯಲ್ಲಿ, ಅಡುಗೆಮನೆಯಲ್ಲಿ, ವಾರ್ಡಿನ ಆಯಾಗಳ ನಡುವೆ ಅವಳ ಹೆಸರೇ ಮಡಿಚ್ಚಿ ಎಂದಾಯಿತು. ಸೋಮಾರಿ ಹೆಂಗಸು ಎಂದರ್ಥ. ಅವಳು ರಜೆ ಕೇಳುವುದು ನನ್ನ ಎದುರಿಗೆ ಅಲ್ಲ, ಆಫೀಸಿನ ಬಾಗಿಲಲ್ಲಿ. ಹೀಗಾಗಿ ಆ ಹೆಸರು ಎಲ್ಲಿಂದ ಹುಟ್ಟಿತೆಂದು ನನಗೂ ತಿಳಿದಿರಲಿಲ್ಲ. ಪದೇ ಪದೇ ರಜೆ ಹಾಕುವುದಕ್ಕೆ ಚೇಷ್ಟೆ ಮಾಡುತ್ತಾರೆ ಎಂದುಕೊಂಡಿದ್ದೆ. ಒಂದೆರಡು ಸಲ ಆಯಾಗಳನ್ನು ಗದರಿದ್ದೂ ಉಂಟು. ಆದರೆ ಅತ್ತೆಗೆ ಅದರ ಅರ್ಥ ಹೇಳಲು ಯಾರಿಗೆ ಬಾಯಿ ಬರುತ್ತಿತ್ತು? ಅವಳಿಗೆ ಅದು ಮಡಿವಾಳಗಿತ್ತಿ ಎಂಬುದರ ಮಲಯಾಳದ ರೂಪ. ಯಾರಾದರೂ ವರಾಂಡದಿಂದ 'ಮಡಿಚ್ಚೀ' ಎಂದು ಕೂಗಿದರೆ ಕೈಯ ಕೆಲಸ ಬಿಟ್ಟು 'ಓ' ಎಂದು ಓಗೊಡುತ್ತಿದ್ದಳು. 'ನೋಡ್ಲಾ, ಹೊಳೆಯಿಂದಾಚೆ ನಮ್ಮೋರೇ ನನ್ನ ಏ ನಂಜಿ ಅಂತಾರೆ. ಈ ಮಲಯಾಳದೋರು ಮಡಿ ಕೊಡೋಳು ಅಂತ ಮರ್ವಾದೆ ಕೊಟ್ಟು ಕರೀತಾರೆ' ಎಂದು ನನಗೆ ಹೇಳಿದ್ದಳು.

ಅಂಥ ದಿನಗಳಲ್ಲಿ ಯಂತ್ರ ಬಂತು. ಲಾರಿಯಿಂದ ಇಳಿಸಲು ಊರೇ ಸೇರಿತ್ತು. ಎದೆಯೆತ್ತರದ ದೊಡ್ಡ ಡ್ರಮ್ಮು, ಮುಂದೆ ಗಾಜಿನ ಬಾಗಿಲು. ಅದನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು, ನಾಲ್ಕು ಅಕ್ಷರ ಓದಿದ್ದೆನಲ್ಲ. ಅದೇ ದಿನ ಆಡಳಿತ ನೋಡುವ ಸಾಹೇಬರು ಒಗೆಯುವ ಕಲ್ಲುಗಳ ಮುಂದೆ ನಿಂತು, ಇನ್ನು ಇಷ್ಟು ಜನ ಬೇಕೇ ಎಂದು ತ್ರೇಸ್ಯಾಮ್ಮ ಚೇಚಿಯನ್ನು ಕೇಳಿದರು. ಚೇಚಿ, ಮಳೆಗಾಲ ಕಳೆಯಲಿ, ನೋಡೋಣ ಎಂದರು. ಅವರು ಬಾಯಿ ಜೋರಿನ ಹೆಂಗಸು, ಮನಸ್ಸು ಕೆಟ್ಟದ್ದಲ್ಲ. ಮಡಿಚ್ಚಿ ರಜೆ ಹಾಕುವವಳಾದರೂ ಬಂದ ದಿನ ಇಬ್ಬರ ಕೆಲಸ ಮಾಡುತ್ತಾಳೆ ಎಂದು ಅವರೇ ಅವಳನ್ನು ಕಾಪಾಡಿಕೊಂಡು ಬಂದಿದ್ದರು.

ಯಂತ್ರ ಬಂದ ಮೇಲೆ ನಾವು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಮೊದಲನೆಯದು ಸೋಪಿನ ಪುಡಿ. ನೊರೆ ಹೆಚ್ಚಿದಷ್ಟೂ ಕೊಳೆ ಹೋಗುತ್ತದೆ ಎಂದು ಮೊಗೆ ಮೊಗೆದು ಸುರಿದೆವು. ಅತಿಯಾದರೆ ಅಮೃತವೂ ವಿಷ. ನೊರೆ ಬಾಗಿಲ ಸಂದಿಯಿಂದ ಬಂದು ವರಾಂಡಕ್ಕೆ ಹರಿದದ್ದು ದೊಡ್ಡದಲ್ಲ. ವಾರ ಕಳೆಯುವುದರೊಳಗೆ ಮಲಗಿದ್ದ ರೋಗಿಗಳಿಗೆಲ್ಲ ಬೆನ್ನು ತುರಿಕೆ ಹತ್ತಿತು. ಬಾಣಂತಿಯರು ಎಳೆಕೂಸನ್ನು ಶೀಟಿನ ಮೇಲೆ ಮಲಗಿಸಲು ಹೆದರಿದರು. ಜಾಲಿಸಿದ್ದು ಸಾಲದೆ ಸೋಪು ಬಟ್ಟೆಯಲ್ಲೇ ಉಳಿದಿತ್ತು. ಈಗಿನವರಿಗೆ ಹೇಳುತ್ತೇನೆ: ಒಗೆದ ಟವೆಲ್ಲೊಂದನ್ನು ಬರಿಯ ನೀರಿಗೆ ಹಾಕಿ ಹಿಂಡಿ. ನೊರೆ ಕಂಡರೆ ನೀವು ಒಗೆದಿಲ್ಲ, ಸೋಪು ಬಳಿದಿದ್ದೀರಿ ಅಷ್ಟೆ. ಪುಡಿ ಕಡಿಮೆ ಮಾಡಿ, ಇನ್ನೊಂದು ಸಲ ನೀರು ತಿರುಗಿಸಿ.

ಎರಡನೆಯದು ನೀರು. ನಮ್ಮ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಹೆಚ್ಚು. ಬಿಳಿ ಬಟ್ಟೆ ದಿನದಿಂದ ದಿನಕ್ಕೆ ಚಹಾದ ಬಣ್ಣಕ್ಕೆ ತಿರುಗಿತು. ಬ್ಲೀಚಿಂಗ್ ಪುಡಿ ಹಾಕಿದೆವು. ಹಳದಿ ಇದ್ದದ್ದು ಕಂದಾಯಿತು. ಇನ್ನೂ ಹಾಕಿದೆವು, ಇನ್ನೂ ಕಂದಾಯಿತು. ಗಾಯದ ಮೇಲೆ ಬರೆ ಎಳೆಯುತ್ತಿದ್ದೇವೆಂದು ಯಾರಿಗೂ ಹೊಳೆಯಲಿಲ್ಲ. ಕಬ್ಬಿಣದ ಕರೆಗೆ ಬ್ಲೀಚು ಬಿದ್ದರೆ ಅದು ಬಟ್ಟೆಯಲ್ಲೇ ಕಚ್ಚಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಬ್ಲೀಚು ಬೀಳುವ ಮೊದಲು ಹುಳಿ ತಾಗಿಸುವುದೇ ಮದ್ದು. ಇಲ್ಲಿ ಇರುಂಬನ್ ಪುಳಿ ಎನ್ನುವ ಬಿಂಬುಳಿಯನ್ನು ಜಜ್ಜಿ ತಿಕ್ಕಿದರೆ ಸಾಕು. ಇರುಂಬು ಎಂದರೆ ಕಬ್ಬಿಣ. ಹೆಸರಿನಲ್ಲೇ ಮದ್ದು ಇತ್ತು, ಆದರೂ ಹೊಳೆಯಲಿಲ್ಲ. ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ, ಕೆಸರು ತಳಕ್ಕೆ ಇಳಿದ ಮೇಲೆ ಮೇಲಿನದನ್ನು ಮಾತ್ರ ಯಂತ್ರಕ್ಕೆ ಬಿಡಬೇಕು.

ಇನ್ನೊಂದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ತಿರುನೆಲ್ಲಿಯ ಕಾಡಂಚಿನ ಆದಿವಾಸಿಗಳ ಹಾಡಿಯಿಂದ ಜ್ವರ ಎಂದು ಒಬ್ಬ ಮುದುಕ ಬಂದು ಸೇರಿದ್ದ. ಜೊತೆಯಲ್ಲಿ ಒಂದು ಕರಿಕಂಬಳಿ, ಬೇರೇನೂ ಇಲ್ಲ. ಹೇನು ಇದ್ದೀತು ಎಂದು ನರ್ಸು ಅದನ್ನು ಶೀಟುಗಳ ಜೊತೆ ಲಾಂಡ್ರಿಗೆ ಕಳಿಸಿದಳು. ಶೀಟುಗಳ ಜೊತೆಗೇ ಅದು ಕುದಿಯುವ ನೀರಿಗೆ ಹೋಯಿತು. ಉಣ್ಣೆಗೆ ಬಿಸಿನೀರು ಮತ್ತು ತಿರುಗಣೆ ಎರಡೂ ಆಗದು. ಹೊರಗೆ ಬಂದಾಗ ಹಲಗೆಯಂತೆ ಗಟ್ಟಿಯಾಗಿ, ಮೊದಲಿನ ಅರ್ಧದಷ್ಟೂ ಇರಲಿಲ್ಲ. ಮುದುಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ನಾ ದೊಡ್ಡವಾಗಿನ್ಯಾ, ಇದು ಚಿಕ್ಕದಾಗದ್ಯಾ?' ಎಂದು ತನ್ನ ಭಾಷೆಯಲ್ಲಿ ಕೇಳಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಅವನು ಅದನ್ನು ಪಾದಕ್ಕೆ ಮಾತ್ರ ಹೊದ್ದು ಮಲಗಿದ. ಆಸ್ಪತ್ರೆಯವರು ಹೊಸ ಹೊದಿಕೆ ಕೊಟ್ಟರೂ ಮುಟ್ಟಲಿಲ್ಲ.

ಮಲಯಾಳದ ಕರ್ಕಟಕ ತಿಂಗಳ ಮಳೆ ಹಿಡಿದರೆ ಲಾಂಡ್ರಿ ನರಕ. ಒಣಗಿಸಲು ಬಿಸಿಲಿಲ್ಲ. ಒಗೆದ ಶೀಟುಗಳನ್ನು ಹರವಲು ಜಾಗವಿಲ್ಲವೆಂದು ಯಂತ್ರದೊಳಗೇ ಬಿಟ್ಟು ಬಾಗಿಲು ಹಾಕಿದೆವು. ಮಾರನೆಯ ದಿನ ತೆಗೆದರೆ ಸತ್ತ ಇಲಿಯ ನಾತ. ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಸಲು ಕಟ್ಟಿತ್ತು. ಆಮೇಲೆ ಎಷ್ಟು ಒಗೆದರೂ ಪ್ರತಿ ಬಟ್ಟೆಗೂ ಅದೇ ನಾತ. ಕೆಲಸ ಮುಗಿದ ಮೇಲೆ ಆ ರಬ್ಬರನ್ನು ಒಣಬಟ್ಟೆಯಿಂದ ಒರೆಸಿ, ಬಾಗಿಲು ತೆರೆದೇ ಇಡಬೇಕು. ಆಗಾಗ ಬಟ್ಟೆ ಹಾಕದೆ ಬರಿಯ ಬಿಸಿನೀರಿಗೆ ಒಗೆಯುವ ಸೋಡಾ ಹಾಕಿ ತಿರುಗಿಸಬೇಕು. ಬಟ್ಟೆ ತುಂಬುವಾಗ ಮೇಲೆ ಒಂದು ಗೇಣು ಖಾಲಿ ಬಿಡಿ, ಕಾಲಿನಿಂದ ಒದ್ದು ತುರುಕಬೇಡಿ. ರಕ್ತಕ್ಕೆ ಮೊದಲು ತಣ್ಣೀರು, ಎಣ್ಣೆಗೆ ಬಿಸಿನೀರು. ಬಣ್ಣದ್ದನ್ನೂ ಬಿಳಿಯದನ್ನೂ ಸೇರಿಸಲೇಬೇಡಿ.

ಆ ಕೊನೆಯ ಮಾತನ್ನು ನಾನು ಅತ್ತೆಗೂ ಹೇಳಿದ್ದೆ. ಆದರೆ ಅವಳ ಕಷ್ಟ ಬೇರೆಯೇ ಇತ್ತು.

ಯಂತ್ರದ ಕೊಳವೆಯ ರಬ್ಬರು ಸೀಳಿ ನೀರು ಸೋರುತ್ತಿತ್ತು. ಹಗ್ಗ ಬಿಗಿದು ನಡೆಸುತ್ತಿದ್ದೆವು. ಹೊಸದನ್ನು ತರಲು ನನ್ನನ್ನು ಕೋಳಿಕ್ಕೋಡಿಗೆ ಕಳಿಸಿದರು. ಬರುವಾಗ ಘಾಟಿಯಲ್ಲಿ ಮಣ್ಣು ಜರಿದು ಬಸ್ಸು ನಿಂತಿತು, ನಾನು ಕೆಳಗೇ ಉಳಿದೆ. ಆ ನಡುವೆ ಮುಳ್ಳನ್ಕೊಲ್ಲಿಯ ಗೌಡರೊಬ್ಬರ ಮನೆಯಲ್ಲಿ ಸೂತಕ ಕಳೆಯುವ ದಿನ ಬಂತು. ಮಡಿ ಬೇಕು ಎಂದು ಅತ್ತೆಗೆ ಹೇಳಿಕಳಿಸಿದರು. ಅವಳು ಮಡಿಯ ಬಟ್ಟೆಯನ್ನು ಎಂದೂ ಆಸ್ಪತ್ರೆಯ ಕಲ್ಲಿನ ಮೇಲೆ ಒಗೆದವಳಲ್ಲ. ರೋಗದ ಬಟ್ಟೆ ಒಗೆದ ಕಲ್ಲು ಅದು. ಹೊಳೆಯ ಕಲ್ಲಿನ ಮೇಲೆ ಮಾತ್ರ ಒಗೆಯುತ್ತಿದ್ದಳು. ಆದರೆ ಕಬಿನಿ ತುಂಬಿ ಆ ಕಲ್ಲು ಮುಳುಗಿತ್ತು. ಬಟ್ಟೆ ಕೊಡದಿದ್ದರೆ ಆ ಮನೆಯಲ್ಲಿ ದೀಪವಿಲ್ಲ. ಕಲ್ಲು ಆಗದು, ಯಂತ್ರವಾದರೆ ಪ್ರತಿ ಸಲವೂ ಹೊಸ ನೀರು, ಅದಕ್ಕೆ ಮೈಲಿಗೆಯಿಲ್ಲ ಎಂದು ಅವಳು ತನ್ನ ಲೆಕ್ಕ ಹಾಕಿದಳು. ಮಧ್ಯಾಹ್ನ ಯಂತ್ರ ಖಾಲಿಯಿದ್ದಾಗ ಮಡಿಯ ಬಟ್ಟೆಗಳನ್ನು ಹಾಕಿದಳು. ಯಂತ್ರದ ಒಗೆತವಾದ್ದರಿಂದ ಎಲ್ಲಿ ಕಡಿಮೆಯಾಗುತ್ತದೋ ಎಂದು ಅರಿಸಿನವನ್ನು ಮೂಲೆಗಲ್ಲ, ಹಾಕುವ ಮೊದಲೇ ಬಟ್ಟೆಗೆಲ್ಲ ಧಾರಾಳವಾಗಿ ಬಳಿದಿದ್ದಳು.

ಮಡಿ ಹೋಯಿತು, ಆ ಮನೆಯಲ್ಲಿ ದೀಪವೂ ಹತ್ತಿತು. ಅರಿಸಿನ ಮಾತ್ರ ರಬ್ಬರಿನ ಮಡಿಕೆಯಲ್ಲಿ ಉಳಿಯಿತು. ಮಾರನೆಯ ದಿನ ಅದೇ ಡ್ರಮ್ಮಿಗೆ ಡಾಕ್ಟರರ ಕೋಟುಗಳೂ ಆಪರೇಷನ್ನಿನ ಶೀಟುಗಳೂ ಬಿದ್ದವು. ಅರಿಸಿನಕ್ಕೆ ಸೋಪಿನ ಪುಡಿಯ ಸೋಡಾ ತಾಗಿದರೆ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದರೆ ಆ ಬಣ್ಣ ತಾನಾಗಿಯೇ ಹಾರಿಹೋಗುತ್ತಿತ್ತು. ಆ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರುವುದು? ಆಪರೇಷನ್ ಟೇಬಲ್ಲಿನ ಮೇಲೆ ಹಾಸಿದ ಶೀಟಿನಲ್ಲಿ ಕೆಂಪು ಕಂಡು ರೋಗಿ ಕಿರುಚಿಕೊಂಡನಂತೆ. ಡಾಕ್ಟರು ಶೀಟನ್ನು ಕಿತ್ತು ಎಸೆದರಂತೆ. ಸಾಹೇಬರೇ ಲಾಂಡ್ರಿಗೆ ಇಳಿದು ಬಂದರು.

ಎಲ್ಲರೆದುರು ತ್ರೇಸ್ಯಾಮ್ಮ ಚೇಚಿ ಅತ್ತೆಯನ್ನು ಇದೇನು ಎಂದು ಕೇಳಿದರು. ಅತ್ತೆ ಅಡಗಿಸಲಿಲ್ಲ. ತನಗೆ ಬಂದ ಮಲಯಾಳದಲ್ಲಿ, 'ಮಡಿ ಆಯಿಪ್ಪೋಯಿ ಚೇಚೀ, ಎಂದ್ ಚೆಯ್ಯಾನಾ?' ಎಂದಳು. ಮಡಿಯ ಕೆಲಸ ಬಂದುಬಿಟ್ಟಿತು, ಏನು ಮಾಡಲಿ ಎಂಬುದು ಅವಳ ಮಾತು. ನಿಂತಿದ್ದವರಿಗೆ ಕೇಳಿಸಿದ್ದು, 'ಸೋಮಾರಿತನವಾಯಿತು ಚೇಚೀ, ಏನು ಮಾಡಲಿ?' ಎಂದು. ಚೇಚಿ ಆಮೇಲೆ ನನಗೆ ಹೇಳಿದರು, ಬೇರೆ ಏನು ಹೇಳಿದ್ದರೂ ನಾನು ಅವಳ ಪರ ನಿಲ್ಲುತ್ತಿದ್ದೆ, ತಾನೇ ಬಾಯಿಬಿಟ್ಟು ಹೀಗೆ ಹೇಳಿದರೆ ಯಾರು ಉಳಿಸುತ್ತಾರೆ ಎಂದು. ಸಾಹೇಬರು ಅವಳನ್ನು ಕೆಲಸದಿಂದ ತೆಗೆದು, ಅಂದೇ ಕೋಣೆ ಬಿಡಲು ಹೇಳಿದರು. ಅತ್ತೆ ಅಳಲಿಲ್ಲವಂತೆ. 'ಮಡಿ ಕೊಟ್ಟಿದ್ಕೆ ಕೆಲ್ಸ ಕಳಕೊಂಡೆ, ಕದ್ದಲ್ಲ' ಎಂದು ಕಾವಲುಗಾರನಿಗೆ ಹೇಳಿ, ಗಂಟು ಹೊತ್ತು ಹೊಳೆಯ ಕಡೆ ನಡೆದಳಂತೆ.

ನಾನು ರಬ್ಬರಿನ ಕೊಳವೆ ಹೊತ್ತು ಬಂದಾಗ ಅವಳ ಕೋಣೆಗೆ ಬೀಗ. ನಡೆದದ್ದನ್ನು ಚೇಚಿಯ ಬಾಯಿಂದಲೇ ಕೇಳಿದೆ. ಅತ್ತೆ ಆಡಿದ ಮಾತನ್ನು ಅವರು ಹಾಗೆಯೇ ಹೇಳಿದಾಗ, ಮಡಿಚ್ಚಿ ಎಂಬ ಹೆಸರು ಎಲ್ಲಿಂದ ಹುಟ್ಟಿತೆಂದು ನನಗೆ ತಿಳಿಯಿತು. ನಮ್ಮಲ್ಲಿ ಮಡಿ ಎಂದರೇನು ಎಂದು ಬಿಡಿಸಿ ಹೇಳಿದೆ. ಹಿಂದೆ ಕೇಳಿದ ಪ್ರತಿಯೊಂದು ರಜೆಯೂ ಯಾವುದಾದರೂ ಸಾವಿನ ಮನೆಗೆ ಹೋದದ್ದು ಎಂದೂ ಹೇಳಿದೆ. ಚೇಚಿ ಅಲ್ಲೇ ಸೋಪಿನ ಚೀಲದ ಮೇಲೆ ಕೂತರು. 'ಎಂಡೆ ಈಶೋಯೇ' ಎಂದು ತಮ್ಮ ಯೇಸುವನ್ನು ಕರೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆಮೇಲೆ ಎದ್ದು ನೇರ ಸಾಹೇಬರ ಕೋಣೆಗೆ ಹೋದರು. ಒಳಗೆ ಏನು ಜಗಳವಾಡಿದರೋ, ಹೊರಗೆ ಬಂದಾಗ ಮುಖ ಕೆಂಪಾಗಿತ್ತು. 'ಕೆಲಸವೂ ಉಂಟು, ಕೋಣೆಯೂ ಉಂಟು. ಹೋಗಿ ಕರಕೊಂಡು ಬಾ ಮಾದೇವಾ' ಎಂದರು.

ಮಳೆ ಸ್ವಲ್ಪ ಬಿಟ್ಟಿತ್ತು. ಪೆರಿಕ್ಕಲ್ಲೂರಿನ ಕಡವಿನಲ್ಲಿ ಹಿಂದಿನ ದಿನವೇ ದೋಣಿ ಮತ್ತೆ ಹಾಕಿದ್ದರು, ಅತ್ತೆ ಮೊದಲ ದೋಣಿಗೇ ದಾಟಿದ್ದಳಂತೆ. ಆಚೆಯ ಬೈರಕುಪ್ಪೆಯ ದಡದಲ್ಲಿ ಇಳಿದು ಅವಳ ಮೈದುನನ ಊರಿಗೆ ನಡೆದೆ. ಅಂಗಳದಲ್ಲಿ ಆ ಮನೆಯವರ ಬಟ್ಟೆಯ ರಾಶಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಗಂಟು ಜಗುಲಿಯ ಮೂಲೆಯಲ್ಲೇ ಇತ್ತು, ಬಿಚ್ಚಿರಲಿಲ್ಲ.

'ಅತ್ತೆ, ಕರೀತಾವ್ರೆ. ಕೋಣೆನೂ ಕೊಡ್ತಾರಂತೆ. ಎದ್ದೇಳು' ಎಂದೆ.

ಅವಳ ಮುಖ ಅರಳಿತು. ಕೈ ಒರೆಸಿಕೊಂಡು ಎದ್ದವಳು ಅರ್ಧಕ್ಕೇ ನಿಂತಳು. 'ಮಡಿ ಕೊಟ್ಟಿದ್ದು ತಪ್ಪಾಯ್ತು ಅಂತ ಅನ್ನಬೇಕೇನ್ಲಾ? ಅಂಗಾದ್ರೆ ಬರಾಕಿಲ್ಲ. ಸತ್ತ ಮನೆಗೆ ದೀಪ ಹತ್ಸಿದ್ನ ತಪ್ಪು ಅನ್ನಾಕೆ ನನ್ ಕೈಲಾಗದು.'

'ಮಡಿ ಕೊಟ್ಟಿದ್ಕೆ ತೆಗೆದಿದ್ದಲ್ಲ ಅತ್ತೆ.'

'ಮತ್ತೆ?'

ಸುಳ್ಳು ಹೇಳಿ ಕರೆದುಕೊಂಡು ಹೋಗಬಹುದಿತ್ತೇನೋ. ಹೋದ ಮೇಲೆ ಅಲ್ಲಿ ಹತ್ತು ಬಾಯಿ ಸೇರಿ ಅದನ್ನೇ ಆಡಿಕೊಳ್ಳುತ್ತವೆ. ನಿಜವನ್ನೇ ಹೇಳಿದೆ. ಮಲಯಾಳದಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ, ಅವರು ತಪ್ಪು ತಿಳಿದರು, ಈಗ ಎಲ್ಲ ತಿಳಿದು ಚೇಚಿ ಅತ್ತರು ಎಂದೆಲ್ಲ ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ಮೆಲ್ಲಗೆ, 'ಮಡಿಚ್ಚಿ ಅಂದ್ರೆ?' ಎಂದಳು.

'ದೋಣಿಗೆ ಹೊತ್ತಾಯ್ತು ಅತ್ತೆ, ನಡಿ' ಎಂದೆ.

'ಹೇಳ್ಲಾ.'

'ಮೈಗಳ್ಳಿ ಅಂತ.'

ಅವಳು ಮತ್ತೆ ಕೂತಳು. ಒಂದು ಪಂಚೆಯನ್ನು ಎತ್ತಿಕೊಂಡು, ಹಿಂಡಿ, ಕೊಡವಿ, ಮತ್ತೆ ನೀರಿಗೇ ಹಾಕಿದಳು. 'ಅಷ್ಟು ವರ್ಸಾನೂ ಓ ಅಂದ್ನಲ್ಲಾ' ಎಂದಳು. 'ಕೂಗಿದಾಗೆಲ್ಲ ಓ ಅಂದ್ನಲ್ಲಾ ಮಾದೇವ.' ಅವಳ ಗಂಡ ಸತ್ತಾಗಲೂ ಆ ಮುಖವನ್ನು ನಾನು ಹಾಗೆ ಕಂಡಿರಲಿಲ್ಲ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಒಳಗಿನಿಂದ ಮೈದುನನ ಹೆಂಡತಿ, ಇನ್ನೂ ಆಗಲಿಲ್ಲವೇ ಎಂದು ಕೂಗಿದಳು. ಅತ್ತೆ ಅದಕ್ಕೆ ಓಗೊಡಲಿಲ್ಲ. ನನ್ನ ಕಡೆ ತಿರುಗಿ, 'ದೋಣಿ ಹೋಯ್ತದೆ, ನೀ ನಡಿ' ಎಂದಳು.

'ನೀನು?'

'ಬರಾಕಿಲ್ಲ ಅನ್ನು.'

'ಯಾಕೆ ಅಂತ ಕೇಳಿದ್ರೆ ಏನನ್ಲಿ ಅತ್ತೆ?'

'ಮಡಿ ಅನ್ನು.'

ಬಂದು ತ್ರೇಸ್ಯಾಮ್ಮ ಚೇಚಿಗೆ ಹಾಗೆಯೇ ಹೇಳಿದೆ. ಅವರು ಅವಳ ಕೋಣೆಯ ಬೀಗದ ಕೈಯನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದರು. 'ಯಾವ ಮಡಿ ಮಾದೇವಾ, ನಿಮ್ಮದೋ ನಮ್ಮದೋ?' ಎಂದು ಕೇಳಿದರು. ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.